ಓದುಗರ ಪ್ರಶ್ನೆ: ಇ-ಬುಕ್ಕಿನ ಬೆಲೆ ಚೀಟಿ ಯಾರ ಕೈಯಲ್ಲಿದೆ?

ಈ ಸಲ ಬಂದ ಪತ್ರಗಳಲ್ಲಿ ಇ-ಬುಕ್ ಬೆಲೆಯ ಬಗ್ಗೆ ಕೇಳಿದವರೇ ಜಾಸ್ತಿ. ಅಮೆರಿಕದಲ್ಲಿರುವ ಕನ್ನಡಿಗರೂ ಬರೆದಿದ್ದಾರೆ, ಇಲ್ಲಿನ ಹೊಸ ಲೇಖಕರೂ ಬರೆದಿದ್ದಾರೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವತ್ತು ಇದೊಂದನ್ನೇ ಬಿಡಿಸಿ ಹೇಳುತ್ತೇನೆ.

ಪ್ರಶ್ನೆ: ನಮಸ್ಕಾರ ಸರ್. ಮೊನ್ನೆ ಅಮೆಜಾನ್‌ನಲ್ಲಿ ಒಂದು ಇಂಗ್ಲಿಷ್ ಕಾದಂಬರಿ ನೋಡಿದೆ. ಕಿಂಡಲ್ ಪ್ರತಿಗೆ 14.99 ಡಾಲರ್. ಅದೇ ಪುಸ್ತಕದ ಪೇಪರ್‌ಬ್ಯಾಕ್ 11 ಡಾಲರ್ ಚಿಲ್ಲರೆ, ಅದನ್ನು ಮನೆ ಬಾಗಿಲಿಗೇ ತಂದು ಕೊಡ್ತಾರೆ. ಕಾಗದ ಇಲ್ಲ, ಶಾಯಿ ಇಲ್ಲ, ಲಾರಿ ಬಾಡಿಗೆ ಇಲ್ಲ, ಆದರೂ ಇ-ಬುಕ್ಕೇ ದುಬಾರಿ. ಇದು ಅಮೆಜಾನ್‌ನ ದುರಾಸೆ ಅಲ್ವಾ? – ಓದುಗರು, ನ್ಯೂಜೆರ್ಸಿ

ಉತ್ತರ: ಈ ಒಂದು ವಿಷಯಕ್ಕೆ ಅಮೆಜಾನ್ ಮೇಲೆ ತಪ್ಪು ಹೊರಿಸೋಕೆ ಆಗಲ್ಲ. ಅಮೆರಿಕದ ದೊಡ್ಡ ಪ್ರಕಾಶಕರ ಇ-ಬುಕ್ ಪುಟ ತೆರೆದು ಬೆಲೆಯ ಆಸುಪಾಸಿನಲ್ಲಿ ಸಣ್ಣ ಅಕ್ಷರಗಳನ್ನು ಹುಡುಕಿ. ಈ ಬೆಲೆಯನ್ನು ಪ್ರಕಾಶಕರು ನಿಗದಿ ಮಾಡಿದ್ದಾರೆ ಎಂದು ಒಂದು ಸಾಲು ಹಾಕಿರುವುದು ಕಾಣುತ್ತದೆ. ಅಂಗಡಿಯವನು ಸುಮ್ನೆ ಅಂಥ ಸಾಲು ಹಾಕುವುದಿಲ್ಲ. ‘ಬೈಯೋದಾದರೆ ಅವರನ್ನು ಬೈಯಿರಿ’ ಅಂತ ಅದರ ಅರ್ಥ. ಆ ಸಾಲು ಅಲ್ಲಿಗೆ ಬಂದದ್ದರ ಹಿಂದೆ ದೊಡ್ಡ ಜಗಳದ ಕಥೆಯಿದೆ.

ನಾನು ತುಂಬ ವರ್ಷ ಪುಸ್ತಕದಂಗಡಿಯ ಗಲ್ಲಾದಲ್ಲಿ ಕೂತವನು. ಅಂಗಡಿ ಪದ್ಧತಿ ಸರಳ. 200 ರೂಪಾಯಿ ಮುಖಬೆಲೆಯ ಪುಸ್ತಕ ಪ್ರಕಾಶಕರಿಂದ ಕಮಿಷನ್ ಕಳೆದು 120ಕ್ಕೋ 130ಕ್ಕೋ ನಮ್ಮ ಕೈಗೆ ಬರುತ್ತಿತ್ತು. ಆಮೇಲೆ ಅದು ನಮ್ಮ ಮಾಲು. 200ಕ್ಕೇ ಮಾರಬಹುದು, ಪರಿಚಯದ ಮೇಷ್ಟ್ರು ಬಂದರೆ 160ಕ್ಕೆ ಕೊಡಬಹುದು. ನಷ್ಟ ಮಾಡಿಕೊಂಡು 100ಕ್ಕೆ ಕೊಟ್ಟರೂ ಪ್ರಕಾಶಕರು ಕೇಳುವ ಹಾಗಿಲ್ಲ, ಅವರ ದುಡ್ಡು ಅವರಿಗೆ ಬಂದಿರುತ್ತದೆ. ಅಮೆರಿಕದಲ್ಲೂ ಪುಸ್ತಕ ಹೀಗೇ ಮಾರಾಟ ಆಗುತ್ತಿತ್ತು, ಕಾಗದದ ಪುಸ್ತಕ ಈಗಲೂ ಹೀಗೇ ಮಾರಾಟ ಆಗುತ್ತದೆ. 2007ರ ನವೆಂಬರ್‌ನಲ್ಲಿ ಅಮೆಜಾನ್ ಇ-ಬುಕ್ ಓದುವ ತನ್ನ ಸಾಧನ ಕಿಂಡಲ್ ತಂದಾಗ ಇ-ಬುಕ್ಕಿಗೂ ಇದೇ ಲೆಕ್ಕ ಇತ್ತು. 26 ಡಾಲರ್ ಮುಖಬೆಲೆಯ ಹೊಸ ಪುಸ್ತಕವನ್ನು ಅಮೆಜಾನ್ ಸುಮಾರು ಅರ್ಧಕ್ಕೆ, ಅಂದರೆ 13 ಡಾಲರ್ ಕೊಟ್ಟು ಪಡೆಯುತ್ತಿತ್ತು. ಮಾರುತ್ತಿದ್ದದ್ದು ಎಷ್ಟಕ್ಕೆ? 9.99ಕ್ಕೆ. ಒಂದೊಂದು ಪ್ರತಿಯಲ್ಲೂ ಮೂರು ಡಾಲರ್ ಕೈಯಿಂದ ಹಾಕುತ್ತಿತ್ತು. ಜನ ಕಿಂಡಲ್ ಕೊಳ್ಳಲಿ, ಇ-ಬುಕ್ ಅಂದರೆ ಅಮೆಜಾನ್ ಅನ್ನೋ ಅಭ್ಯಾಸ ಆಗಲಿ ಅನ್ನೋದು ಅವರ ಲೆಕ್ಕ.

ಓದುಗನಿಗೆ ಖುಷಿ, ಪ್ರಕಾಶಕನಿಗೆ ಪೂರ್ತಿ 13 ಡಾಲರ್. ಯಾರಿಗೂ ನೋವಿಲ್ಲ ಅಲ್ವಾ? ಆದರೆ ಪ್ರಕಾಶಕರಿಗೆ ನಿದ್ದೆ ಬರುತ್ತಿರಲಿಲ್ಲ. ಪುಸ್ತಕ ಅಂದರೆ ಹತ್ತು ಡಾಲರ್ ಅಂತ ಒಂದು ಸಲ ಜನರ ತಲೆಯಲ್ಲಿ ಕೂತರೆ 26 ಡಾಲರಿನ ಗಟ್ಟಿ ರಟ್ಟಿನ ಪ್ರತಿಯನ್ನು ಯಾರೂ ಮುಟ್ಟಲ್ಲ, ನಾಳೆ ಅಮೆಜಾನ್ ಬಂದು ‘ಇನ್ಮೇಲೆ ನಿಮಗೂ 13 ಕೊಡಲ್ಲ, ಆರೋ ಏಳೋ ತಗೊಳ್ಳಿ’ ಅಂದರೆ ಬೇರೆ ಅಂಗಡಿಯೂ ಇರಲ್ಲ ಅನ್ನೋ ಭಯ ಅವರದು. ಈ ಭಯ ಸುಳ್ಳು ಅಂತ ನನಗೆ ಯಾವತ್ತೂ ಅನಿಸಿಲ್ಲ. ಆಗ ಅಮೆರಿಕದ ಇ-ಬುಕ್ ವ್ಯಾಪಾರದ ಬಹುಪಾಲು ಒಂದೇ ಅಂಗಡಿಯ ಕೈಯಲ್ಲಿತ್ತು. ಭಯ ನಿಜ. ಅದಕ್ಕೆ ಅವರು ಹಿಡಿದ ದಾರಿ ತಪ್ಪು.

2010ರ ಜನವರಿ 27ರಂದು ಸ್ಟೀವ್ ಜಾಬ್ಸ್ ಐಪ್ಯಾಡ್ ತೋರಿಸಿದರು. ಅದರ ಜೊತೆಗೇ ಆಪಲ್‌ನ ಪುಸ್ತಕದಂಗಡಿಯೂ ಬಂತು. ಹ್ಯಾಶೆಟ್, ಹಾರ್ಪರ್‌ಕಾಲಿನ್ಸ್, ಮ್ಯಾಕ್‌ಮಿಲನ್, ಪೆಂಗ್ವಿನ್, ಸೈಮನ್ ಅಂಡ್ ಶುಸ್ಟರ್ ಈ ಐದೂ ಪ್ರಕಾಶಕರು ಆಪಲ್ ಜೊತೆ ಹೊಸ ಪದ್ಧತಿಗೆ ಒಪ್ಪಿದ್ದರು. ಇದನ್ನು ಏಜೆನ್ಸಿ ಪದ್ಧತಿ ಅಂತಾರೆ. ಇದರಲ್ಲಿ ಅಂಗಡಿ ಬರೀ ಏಜೆಂಟ್. ಬೆಲೆ ಹೇಳೋದು ಪ್ರಕಾಶಕ, ಅಂಗಡಿಗೆ ನೂರಕ್ಕೆ 30 ಕಮಿಷನ್, ಒಂದು ಪೈಸೆ ರಿಯಾಯಿತಿ ಕೊಡುವ ಹಕ್ಕೂ ಅಂಗಡಿಗಿಲ್ಲ. ಹೊಸ ಪುಸ್ತಕಕ್ಕೆ 12.99, 14.99 ಅಂತ ಬೆಲೆ. ಜೊತೆಗೆ ಇನ್ನೊಂದು ಷರತ್ತು: ಬೇರೆ ಯಾವುದಾದರೂ ಅಂಗಡಿಯಲ್ಲಿ ಕಡಿಮೆಗೆ ಸಿಕ್ಕರೆ ಆಪಲ್‌ನಲ್ಲೂ ಅಷ್ಟಕ್ಕೇ ಸಿಗಬೇಕು. ಅಂದರೆ ಅಮೆಜಾನ್‌ನ್ನೂ ಇದೇ ಪದ್ಧತಿಗೆ ಎಳೆಯದೆ ಪ್ರಕಾಶಕರಿಗೆ ಬೇರೆ ದಾರಿ ಉಳಿಯಲಿಲ್ಲ.

ಅದೇ ವಾರ ಮ್ಯಾಕ್‌ಮಿಲನ್ ಮುಖ್ಯಸ್ಥ ಜಾನ್ ಸಾರ್ಜೆಂಟ್ ಸಿಯಾಟಲ್‌ಗೆ ಹೋಗಿ ಅಮೆಜಾನ್ ಮುಂದೆ ಇದನ್ನೇ ಇಟ್ಟರು. ಅಮೆಜಾನ್ ಮಾಡಿದ್ದೇನು ಗೊತ್ತಾ? ಮ್ಯಾಕ್‌ಮಿಲನ್ ಪುಸ್ತಕಗಳ ಪುಟದಿಂದ ‘ಕೊಳ್ಳಿ’ ಅನ್ನೋ ಬಟನ್ನೇ ತೆಗೆದುಹಾಕಿತು. ಇ-ಬುಕ್ ಅಷ್ಟೇ ಅಲ್ಲ, ಕಾಗದದ ಪುಸ್ತಕಕ್ಕೂ ಅದೇ ಗತಿ. ಮುಖಪುಟ ಕಾಣುತ್ತೆ, ಲೇಖಕರ ಹೆಸರು ಕಾಣುತ್ತೆ, ಜನ ಬರೆದ ವಿಮರ್ಶೆ ಕಾಣುತ್ತೆ, ಆದರೆ ಅಮೆಜಾನ್‌ನಿಂದ ಕೊಳ್ಳೋಕೆ ಆಗಲ್ಲ. ಹತ್ತು ವರ್ಷ ಕೂತು ಒಂದು ಪುಸ್ತಕ ಬರೆದ ಲೇಖಕನಿಗೆ ಆ ದಿನ ಹೇಗಾಗಿರಬೇಡ? ಅವನಿಗೂ ಈ ಜಗಳಕ್ಕೂ ಸಂಬಂಧವೇ ಇರಲಿಲ್ಲ. ಎರಡು ಮೂರು ದಿನದಲ್ಲಿ ಅಮೆಜಾನ್ ಮಣಿಯಿತು. ಮ್ಯಾಕ್‌ಮಿಲನ್ ಪುಸ್ತಕಗಳು ಮ್ಯಾಕ್‌ಮಿಲನ್ ಬಳಿ ಮಾತ್ರ ಸಿಗುತ್ತವೆ, ಒಪ್ಪದೆ ವಿಧಿಯಿಲ್ಲ ಎಂದು ಹೇಳಿಕೊಂಡಿತು.

ನಿಮ್ಮ 14.99ಕ್ಕೆ ಮೂಲ ಇಲ್ಲೇ ಇದೆ. ಕಾಗದದ ಪುಸ್ತಕದ ಬೆಲೆ ಇಳಿಸುವ ಸ್ವಾತಂತ್ರ್ಯ ಅಂಗಡಿಗಿದೆ, ಹಾಗಾಗಿ 18 ಡಾಲರಿನ ಪೇಪರ್‌ಬ್ಯಾಕ್ 11ಕ್ಕೆ ಇಳಿಯುತ್ತದೆ. ಇ-ಬುಕ್ ಬೆಲೆ ಮುಟ್ಟುವ ಹಾಗಿಲ್ಲ, ಅದು ನಿಂತಲ್ಲೇ ನಿಲ್ಲುತ್ತದೆ. ಅಂಗಡಿಯಲ್ಲಿ ಹಳೇ ಬೆಲೆಯ ಮೇಲೆ ಹೊಸ ಚೀಟಿ ಅಂಟಿಸಿ ಅಂಟಿಸಿ ನನ್ನ ಹೆಬ್ಬೆರಳಿಗೆಲ್ಲ ಗೋಂದು ಹತ್ತಿರುತ್ತಿತ್ತು. ಈ ಜಗಳ ಪೂರ್ತಿ ಆ ಚೀಟಿ ಯಾರು ಅಂಟಿಸಬೇಕು ಅನ್ನೋದಕ್ಕೆ ನಡೆದದ್ದು.

ಪ್ರಶ್ನೆ: ಆಪಲ್‌ಗೆ ಕೋರ್ಟಿನಲ್ಲಿ ದಂಡ ಬಿತ್ತು ಅಂತ ಕೇಳಿದ ನೆನಪು. ಹಾಗಾದರೆ ಬೆಲೆ ಮತ್ತೆ ಯಾಕೆ ಇಳಿಯಲಿಲ್ಲ? – ಓದುಗರು, ಮೈಸೂರು

ಉತ್ತರ: ಒಳ್ಳೇ ಪ್ರಶ್ನೆ. 2012ರ ಏಪ್ರಿಲ್ 11ರಂದು ಅಮೆರಿಕದ ನ್ಯಾಯ ಇಲಾಖೆ ಆಪಲ್ ಮತ್ತು ಆ ಐದು ಪ್ರಕಾಶಕರ ಮೇಲೆ ಕೇಸ್ ಹಾಕಿತು. ಬೆಲೆ ಜಾಸ್ತಿ ಇಟ್ಟರು ಅನ್ನೋದಲ್ಲ ಆರೋಪ. ಯಾವ ಪ್ರಕಾಶಕ ಬೇಕಾದರೂ ತನ್ನ ಪುಸ್ತಕಕ್ಕೆ ನೂರು ಡಾಲರ್ ಇಟ್ಟುಕೊಳ್ಳಬಹುದು. ಪೈಪೋಟಿ ಮಾಡಬೇಕಾದವರು ಒಟ್ಟಿಗೆ ಸೇರಿ ಬೆಲೆ ಏರಿಸಿದರು ಅನ್ನೋದು ಆರೋಪ. ನ್ಯೂಯಾರ್ಕಿನ ದುಬಾರಿ ಹೋಟೆಲುಗಳ ಖಾಸಗಿ ಕೋಣೆಗಳಲ್ಲಿ ಈ ಕಂಪನಿಗಳ ಮುಖ್ಯಸ್ಥರು ಆಗಾಗ ಊಟಕ್ಕೆ ಸೇರುತ್ತಿದ್ದರು, ವಕೀಲರನ್ನು ಜೊತೆಗೆ ಕರೆದುಕೊಂಡು ಹೋಗುತ್ತಿರಲಿಲ್ಲ. ಇದೂ ಕೇಸಿನ ಕಾಗದಗಳಲ್ಲಿ ಇದೆ.

ಮೂರು ಪ್ರಕಾಶಕರು ಅವತ್ತೇ ರಾಜಿಯಾದರು. ಪೆಂಗ್ವಿನ್, ಮ್ಯಾಕ್‌ಮಿಲನ್ ಆಮೇಲೆ ರಾಜಿಯಾದವು. ಆಪಲ್ ಒಂದೇ ವಿಚಾರಣೆ ಎದುರಿಸಿತು. 2013ರ ಜುಲೈನಲ್ಲಿ ನ್ಯಾಯಾಧೀಶೆ ಡೆನಿಸ್ ಕೋಟ್ ಆಪಲ್ ತಪ್ಪು ಮಾಡಿದೆ ಎಂದು ತೀರ್ಪು ಕೊಟ್ಟರು. ಮೇಲ್ಮನವಿ ಹೋಯಿತು, ಸೋತಿತು. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಆಪಲ್ 40 ಕೋಟಿ ಡಾಲರನ್ನು ಓದುಗರಿಗೆ ಕೊಡಬೇಕಾಯಿತು, ಪ್ರಕಾಶಕರು ಅದಕ್ಕೂ ಮೊದಲೇ 16.6 ಕೋಟಿ ಕೊಟ್ಟಿದ್ದರು. ಆ ದುಡ್ಡು ನಿಜವಾಗಿ ಓದುಗರ ಖಾತೆಗೆ ಬಂತು. 2016ರ ಜೂನ್‌ನಲ್ಲಿ ಬಂದ ಕಂತಿನಲ್ಲಿ, ಜನಪ್ರಿಯ ಪಟ್ಟಿಯಲ್ಲಿದ್ದ ಒಂದೊಂದು ಇ-ಬುಕ್ಕಿಗೆ 6.93 ಡಾಲರ್, ಬೇರೆ ಪುಸ್ತಕಕ್ಕೆ 1.57. ನನ್ನ ತಂಗಿ ಮಗ ಆಗ ಅಲ್ಲೇ ಓದುತ್ತಿದ್ದ, ಖಾತೆಗೆ ಹದಿನೇಳು ಡಾಲರ್ ಚಿಲ್ಲರೆ ಜಮಾ ಆಗಿದೆ ಅಂತ ಫೋನ್ ಮಾಡಿ ಹೇಳಿದ. ‘ಮಾಮ, ನಾನು ಕೇಳೇ ಇರಲಿಲ್ಲ, ತಾನಾಗೇ ಬಂತು’ ಅಂದಿದ್ದು ನೆನಪಿದೆ.

ಈಗ ನಿಮ್ಮ ಎರಡನೇ ಮಾತಿಗೆ ಬರ್ತೀನಿ. ಕೋರ್ಟು ಏಜೆನ್ಸಿ ಪದ್ಧತಿಯನ್ನೇ ತಪ್ಪು ಅನ್ನಲಿಲ್ಲ, ಒಟ್ಟು ಸೇರಿ ಅದನ್ನು ಹೇರಿದ್ದು ತಪ್ಪು ಅಂದಿತು. ರಾಜಿಯ ಪ್ರಕಾರ ಸುಮಾರು ಎರಡು ವರ್ಷ ಅಂಗಡಿಗಳಿಗೆ ರಿಯಾಯಿತಿ ಕೊಡುವ ಅವಕಾಶ ಇತ್ತು. ಆ ಅವಧಿ ಮುಗಿದ ಮೇಲೆ ಒಬ್ಬೊಬ್ಬರೇ ಪ್ರಕಾಶಕರು ಬೇರೆ ಬೇರೆಯಾಗಿ ಅಮೆಜಾನ್ ಜೊತೆ ಕೂತು, ಬೆಲೆ ಚೀಟಿಯನ್ನು ಮತ್ತೆ ತಮ್ಮ ಕೈಗೇ ತಗೊಂಡರು. ಕಾನೂನಿಗೆ ಇದರಲ್ಲಿ ತಕರಾರಿಲ್ಲ. ಓದುಗನ ಜೇಬಿಗೆ ಮಾತ್ರ ಎರಡೂ ಒಂದೇ.

ಪ್ರಶ್ನೆ: ಬೆಲೆ ಜಾಸ್ತಿ ಆದರೆ ಲೇಖಕರಿಗೆ ಒಳ್ಳೇದೇ ಆಯ್ತಲ್ಲ? ಅಷ್ಟಾದರೂ ಸಮಾಧಾನ ಪಡಬಹುದಾ? – ಓದುಗರು, ಧಾರವಾಡ

ಉತ್ತರ: ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಲೆಕ್ಕ ನೋಡಿದೆ. 2013ರಲ್ಲಿ ಹಾರ್ಪರ್‌ಕಾಲಿನ್ಸ್ ತನ್ನ ಹೂಡಿಕೆದಾರರಿಗೆ ತೋರಿಸಿದ ಲೆಕ್ಕ ಇದು, ನಾಲ್ಕೇ ಅಂಕಿ. 27.99 ಡಾಲರಿನ ಗಟ್ಟಿ ರಟ್ಟಿನ ಪುಸ್ತಕ ಮಾರಿದರೆ ಪ್ರಕಾಶಕರಿಗೆ ಉಳಿಯೋದು 5.67, ಲೇಖಕರಿಗೆ 4.20. ಅದೇ ಪುಸ್ತಕ 14.99ರ ಇ-ಬುಕ್ ಆದರೆ ಪ್ರಕಾಶಕರಿಗೆ 7.87, ಲೇಖಕರಿಗೆ 2.62.

ನಿಧಾನವಾಗಿ ಇನ್ನೊಂದು ಸಲ ಓದಿ. ಪುಸ್ತಕದ ಬೆಲೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು, ಪ್ರಕಾಶಕರ ಲಾಭ ಏರಿತು, ಲೇಖಕರ ಪಾಲು ಇಳಿಯಿತು. ಯಾಕೆ ಅಂದರೆ ಗಟ್ಟಿ ರಟ್ಟಿನ ಪ್ರತಿಗೆ ಲೇಖಕರಿಗೆ ಮುಖಬೆಲೆಯ ಮೇಲೆ ನೂರಕ್ಕೆ 15ರವರೆಗೆ ರಾಯಲ್ಟಿ. ಇ-ಬುಕ್ಕಿಗೆ ಹಾಗಲ್ಲ. ಅಂಗಡಿಯ 30 ಹೋಗಿ ಪ್ರಕಾಶಕರ ಕೈಗೆ ಬಂದ ದುಡ್ಡಿನಲ್ಲಿ ನೂರಕ್ಕೆ 25. 14.99ರಲ್ಲಿ ಕಮಿಷನ್ ಕಳೆದರೆ 10.49, ಅದರ ಕಾಲು ಭಾಗ 2.62. ಮುದ್ರಣ, ಗೋದಾಮು, ಮಾರಾಟವಾಗದೆ ವಾಪಸ್ ಬರುವ ಪ್ರತಿಗಳು, ಈ ಖರ್ಚೆಲ್ಲ ಉಳಿಯಿತು ನಿಜ. ಆದರೆ ಉಳಿತಾಯ ಓದುಗನಿಗೂ ಪೂರ್ತಿ ಬರಲಿಲ್ಲ, ಬರೆದವನಿಗೂ ಬರಲಿಲ್ಲ.

ಪ್ರಕಾಶಕರಿಗೆ ಖರ್ಚೇ ಇಲ್ಲ ಅಂತ ನಾನು ಹೇಳಲ್ಲ. ಸಂಪಾದಕರು ಕೂತು ತಿದ್ದಬೇಕು, ಕರಡು ನೋಡಬೇಕು, ಮುಖಪುಟ ಬರೆಸಬೇಕು, ಪ್ರಚಾರ ಮಾಡಬೇಕು, ಲೇಖಕರಿಗೆ ಮುಂಗಡ ಕೊಡಬೇಕು, ಅದರಲ್ಲಿ ಎಷ್ಟೋ ಪುಸ್ತಕ ಮುಂಗಡವನ್ನೂ ದುಡಿಯಲ್ಲ. ಒಂದು ಪುಸ್ತಕದ ಬೆಲೆಯಲ್ಲಿ ಕಾಗದ, ಮುದ್ರಣ ಬರೀ ಸಣ್ಣ ಪಾಲು ಅನ್ನೋ ಅವರ ಮಾತನ್ನು ಒಪ್ಪುತ್ತೇನೆ. ಅಂಗಡಿಯಲ್ಲಿ ಕೂತವನಿಗೆ ಅದು ಗೊತ್ತು. ಆದರೆ ಮೇಲಿನ ನಾಲ್ಕು ಅಂಕಿ ನೋಡಿದ ಮೇಲೆ ‘ಲೇಖಕರ ಹಿತಕ್ಕಾಗಿ ಬೆಲೆ ಕಾಪಾಡುತ್ತಿದ್ದೇವೆ’ ಎಂಬ ಮಾತನ್ನು ಮಾತ್ರ ನಂಬಲಾರೆ.

2014ರಲ್ಲಿ ಇದೇ ವಿಷಯಕ್ಕೆ ಅಮೆಜಾನ್‌ಗೂ ಹ್ಯಾಶೆಟ್‌ಗೂ ತಿಂಗಳುಗಟ್ಟಲೆ ಜಗಳ ನಡೆಯಿತು. ಹ್ಯಾಶೆಟ್ ಪುಸ್ತಕ ಆರ್ಡರ್ ಮಾಡಿದರೆ ಬರೋಕೆ ವಾರಗಟ್ಟಲೆ, ಹೊಸ ಪುಸ್ತಕಕ್ಕೆ ಮುಂಗಡ ಬುಕಿಂಗ್ ಬಂದ್. 900ಕ್ಕೂ ಹೆಚ್ಚು ಲೇಖಕರು ಸಹಿ ಹಾಕಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪೂರ್ತಿ ಪುಟದ ಪತ್ರ ಪ್ರಕಟಿಸಿದರು. ಅಮೆಜಾನ್ ತನ್ನ ಪರವಾಗಿ ಒಂದು ಲೆಕ್ಕ ಇಟ್ಟಿತು: 14.99ಕ್ಕೆ ಒಂದು ಲಕ್ಷ ಪ್ರತಿ ಹೋಗುವ ಇ-ಬುಕ್ 9.99ಕ್ಕೆ ಇಟ್ಟರೆ 1,74,000 ಹೋಗುತ್ತದೆ, ಒಟ್ಟು ದುಡ್ಡು ನೂರಕ್ಕೆ 16ರಷ್ಟು ಜಾಸ್ತಿ ಬರುತ್ತದೆ. ಗುಣಿಸಿ ನೋಡಿ, ಲೆಕ್ಕ ಸರಿಯಾಗಿದೆ. ಆದರೆ ಇದು ಸರಾಸರಿ. ಹೆಸರುವಾಸಿ ಲೇಖಕರ ಪುಸ್ತಕಕ್ಕೆ ಕಾಯುವವರು ಐದು ಡಾಲರ್ ಮುಖ ನೋಡಲ್ಲ, ಯಾರಿಗೂ ಗೊತ್ತಿಲ್ಲದ ಲೇಖಕರ ಪುಸ್ತಕ ಬೆಲೆ ಇಳಿಸಿದ ಮಾತ್ರಕ್ಕೆ ಓಡಲ್ಲ. ನವೆಂಬರ್‌ನಲ್ಲಿ ರಾಜಿಯಾಯಿತು, ಬೆಲೆ ಚೀಟಿ ಹ್ಯಾಶೆಟ್ ಕೈಗೇ ಬಂತು. ಆ ಆರೇಳು ತಿಂಗಳಲ್ಲಿ ಮೊದಲ ಪುಸ್ತಕ ಹೊರಬಂದ ಲೇಖಕರ ಬಗ್ಗೆ ನನಗೆ ಈಗಲೂ ಸಂಕಟ ಆಗುತ್ತದೆ. ಪುಸ್ತಕಕ್ಕೆ ಮೊದಲ ವಾರ ಒಂದೇ ಸಲ ಬರೋದು.

ಪ್ರಶ್ನೆ: ಇಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದು ಇ-ಬುಕ್ಕಿಗೆ ಕಾಯುವವರ ಸಾಲಿನಲ್ಲಿ ನಾನು 83ನೆಯವಳು. ಕಂಪ್ಯೂಟರ್ ಫೈಲಿಗೆ ಯಾಕೆ ಸರ್ ಸಾಲು? – ಓದುಗರು, ಡಲ್ಲಾಸ್

ಉತ್ತರ: ಅಮ್ಮಾ, ನಿಮ್ಮ ಪ್ರಶ್ನೆ ಓದಿ ಬೇಜಾರಾಯಿತು, ಯಾಕೆಂದರೆ ಇದಕ್ಕೆ ತಂತ್ರಜ್ಞಾನದ ಕಾರಣ ಒಂದೂ ಇಲ್ಲ. ಗ್ರಂಥಾಲಯ ಕಾಗದದ ಪುಸ್ತಕ ಕೊಂಡರೆ ಅದು ಹರಿಯುವವರೆಗೂ ಅವರದೇ. ಇ-ಬುಕ್ ಆದರೆ ಕೊಳ್ಳೋದೇ ಇಲ್ಲ, ಲೈಸೆನ್ಸ್ ಪಡೆಯುತ್ತಾರೆ. ಒಂದು ಲೈಸೆನ್ಸ್, ಒಂದು ಸಲಕ್ಕೆ ಒಬ್ಬರೇ ಓದುಗರು. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಒಂದು ಲೈಸೆನ್ಸಿಗೆ 26 ಸಲ ಮಾತ್ರ ಎರವಲು ಅಂತ ಮಿತಿ ಹಾಕಿತು. ಎರಡೆರಡು ವಾರದ ಎರವಲು ಅಂದರೆ ಸರಿಯಾಗಿ ಒಂದು ವರ್ಷ. ಆಮೇಲೆ ಮತ್ತೆ ದುಡ್ಡು ಕೊಡಬೇಕು.

2019ರ ನವೆಂಬರ್ 1ರಿಂದ ಮ್ಯಾಕ್‌ಮಿಲನ್ ಇನ್ನೂ ಮುಂದೆ ಹೋಯಿತು. ಹೊಸ ಪುಸ್ತಕ ಬಂದ ಮೊದಲ ಎಂಟು ವಾರ ಒಂದು ಇಡೀ ಗ್ರಂಥಾಲಯ ಜಾಲಕ್ಕೆ ಒಂದೇ ಇ-ಪ್ರತಿ. ಊರಿಗೆಲ್ಲ ಒಂದೇ ಕೊಡ ಇಟ್ಟ ಹಾಗೆ! ಎಂಟು ವಾರ ಕಳೆದ ಮೇಲೆ ಬೇಕಾದಷ್ಟು ಪಡೆಯಬಹುದು, ಒಂದೊಂದಕ್ಕೆ 60 ಡಾಲರ್, ಅದೂ ಎರಡು ವರ್ಷಕ್ಕೆ. ಅಮೆರಿಕದ ಗ್ರಂಥಾಲಯ ಸಂಘ ಸಹಿ ಸಂಗ್ರಹಿಸಿತು, ಕೆಲವು ದೊಡ್ಡ ಗ್ರಂಥಾಲಯಗಳು ಮ್ಯಾಕ್‌ಮಿಲನ್ ಇ-ಬುಕ್ ಕೊಳ್ಳುವುದನ್ನೇ ನಿಲ್ಲಿಸಿದವು. 2020ರ ಮಾರ್ಚ್ 17ರಂದು, ಕೊರೊನಾದಿಂದ ಗ್ರಂಥಾಲಯಗಳ ಬಾಗಿಲು ಮುಚ್ಚುತ್ತಿದ್ದ ಹೊತ್ತಿಗೆ, ಮ್ಯಾಕ್‌ಮಿಲನ್ ಆ ನಿಯಮ ಕೈಬಿಟ್ಟಿತು.

ಎರವಲು ಪಡೆಯುವವರು ಕೊಳ್ಳೋದಿಲ್ಲ ಅನ್ನೋದು ಈ ಪ್ರಕಾಶಕರ ನಂಬಿಕೆ. ನನ್ನ ಅಂಗಡಿಯ ಅನುಭವ ಬೇರೆ. ಹತ್ತಿರದ ವಾಚನಾಲಯದಲ್ಲಿ ಓದಿ, ಇಷ್ಟವಾಗಿ, ತಂಗಿ ಮದುವೆಗೆ ಉಡುಗೊರೆ ಕೊಡೋಕೆ ಅದೇ ಪುಸ್ತಕ ಐದು ಪ್ರತಿ ಕೇಳಿಕೊಂಡು ಬಂದವರನ್ನು ನೋಡಿದ್ದೇನೆ. ನೀವು ಸಾಲಿನಲ್ಲೇ ಇರಿ. ಸಾಲು ಉದ್ದ ಆದಷ್ಟೂ ಗ್ರಂಥಾಲಯದವರು ಇನ್ನೊಂದು ಲೈಸೆನ್ಸ್ ಪಡೆಯುವ ಸಾಧ್ಯತೆ ಜಾಸ್ತಿ.

ಪ್ರಶ್ನೆ: ದುಡ್ಡು ಕೊಟ್ಟು ತಗೊಂಡ ಇ-ಬುಕ್ ನನ್ನದೇ ತಾನೇ? – ಓದುಗರು, ಶಿವಮೊಗ್ಗ

ಉತ್ತರ: ಸಾಮಾನ್ಯವಾಗಿ ಅಲ್ಲ. ಓದುವ ಅನುಮತಿ ಮಾತ್ರ ನಿಮ್ಮದು. 2009ರಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಿದ್ದರು ಎಂಬ ಕಾರಣಕ್ಕೆ ಜಾರ್ಜ್ ಆರ್ವೆಲ್ ಪುಸ್ತಕಗಳನ್ನು ಓದುಗರ ಕಿಂಡಲ್‌ನಿಂದಲೇ ಅಳಿಸಿಹಾಕಿ ದುಡ್ಡು ವಾಪಸ್ ಕೊಟ್ಟಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಬುಕ್ ಅಂಗಡಿಯನ್ನೇ ಮುಚ್ಚಿತು, ಪುಸ್ತಕಗಳು ಹೋದವು, ದುಡ್ಡು ಬಂತು. 2025ರಿಂದ ಕ್ಯಾಲಿಫೋರ್ನಿಯಾದಲ್ಲಿ ಹೊಸ ಕಾನೂನಿದೆ: ಕೊಡುತ್ತಿರುವುದು ಬರೀ ಲೈಸೆನ್ಸ್ ಆಗಿದ್ದರೆ ಅಂಗಡಿಯವರು ಅದನ್ನು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸಬೇಕು. ಪುಸ್ತಕದಷ್ಟೇ ಬೆಲೆ ತಗೊಂಡು ಪುಸ್ತಕ ಕೊಡದೆ ಇರೋದು ನನಗೆ ಸರಿ ಕಾಣಲ್ಲ. ಫೈಲ್ ಇಳಿಸಿಕೊಂಡು ಇಟ್ಟುಕೊಳ್ಳೋಕೆ ಬಿಡುವ ಪ್ರಕಾಶಕರಿದ್ದರೆ ಅವರ ಹತ್ತಿರವೇ ತಗೊಳ್ಳಿ.

ಪ್ರಶ್ನೆ: ನನ್ನ ಮೊದಲ ಕಥಾಸಂಕಲನ ಬರುತ್ತಿದೆ, 140 ಪುಟ. ಪ್ರಕಾಶಕರು ಇ-ಬುಕ್ ಕೂಡ ಮಾಡೋಣ ಅಂತಿದ್ದಾರೆ. ಬೆಲೆ ಎಷ್ಟಿರಬೇಕು? ಕಾಗದ ಇಲ್ಲ ಅಂದ್ಮೇಲೆ 20–30 ರೂಪಾಯಿ ಸಾಕು ಅಂತ ಗೆಳೆಯರು ಹೇಳ್ತಾರೆ. – ಓದುಗರು, ಶಿರಸಿ

ಉತ್ತರ: ಅಭಿನಂದನೆ, ತಮ್ಮಾ. ನಮ್ಮ ಕನ್ನಡದಲ್ಲಿ ಪುಸ್ತಕದ ಬೆಲೆ ಪುಟದ ಲೆಕ್ಕದಲ್ಲೇ ಬೆಳೆದು ಬಂದಿದೆ. ಪುಟಕ್ಕೆ ಒಂದು ರೂಪಾಯಿ ಅಥವಾ ಸ್ವಲ್ಪ ಜಾಸ್ತಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲೂ ಪುಟಕ್ಕೆ ಇಷ್ಟು ಅಂತಲೇ ದರ, ಪ್ರಕಾಶಕರು ವರ್ಷಗಟ್ಟಲೆ ಜಗಳ ಆಡೋದೂ ಆ ಪುಟದ ದರಕ್ಕೇ. ಹೀಗಾಗಿ ಪುಟವೇ ಇಲ್ಲದ ಪುಸ್ತಕಕ್ಕೆ ಬೆಲೆಯೂ ಇಲ್ಲ ಅಂತ ನಿಮ್ಮ ಗೆಳೆಯರಿಗೆ ಅನಿಸೋದು ಸಹಜ. ಆದರೆ ಕಥೆ ಬರೆಯೋಕೆ ನೀವು ತಗೊಂಡ ವರ್ಷಗಳು ಇ-ಬುಕ್ಕಿನಲ್ಲಿ ಕಡಿಮೆ ಆಗಲ್ಲ. ಅಮೆರಿಕದವರ ಹಾಗೆ ಕಾಗದಕ್ಕಿಂತ ಜಾಸ್ತಿ ಇಡುವುದೂ ಬೇಡ, 20 ರೂಪಾಯಿಗೆ ಇಳಿಸುವುದೂ ಬೇಡ. ಮುದ್ರಿತ ಪ್ರತಿ 160 ಇದ್ದರೆ ಇ-ಬುಕ್ 90–100 ಇರಲಿ. ಹೊರದೇಶದ ಕನ್ನಡಿಗರಿಗೆ ಅಂಚೆ ವೆಚ್ಚವೇ ಪುಸ್ತಕದ ಬೆಲೆ ದಾಟುತ್ತದೆ, ಅವರಿಗೆ ಇದು ದೊಡ್ಡ ಉಪಕಾರ.

ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಬುಕ್ಕಿಗೆ ಮೊದಲು ನೂರಕ್ಕೆ 18 ಇತ್ತು, 2018ರ ಜುಲೈನಲ್ಲಿ 5ಕ್ಕೆ ಇಳಿಸಿದರು, ಅದೂ ಮುದ್ರಿತ ಪ್ರತಿ ಇರುವ ಪುಸ್ತಕಕ್ಕೆ ಮಾತ್ರ. ಅದೇ ಕಥೆ, ಅದೇ ಸಾಲು, ಪರದೆ ಮೇಲೆ ಓದಿದರೆ ತೆರಿಗೆ!

ಎಲ್ಲಿ ಮಾರಬೇಕು ಅನ್ನೋದೂ ಮುಖ್ಯ. 2016ರ ಕೊನೆಯಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮವರು ಆ ಬೇಸರದಲ್ಲೇ ಕೂರಲಿಲ್ಲ, ಗೂಗಲ್ ಪ್ಲೇ ಬುಕ್ಸ್ ಬಳಸಿಕೊಂಡರು, ಮೈಲ್ಯಾಂಗ್ ತರಹದ ನಮ್ಮದೇ ಅಂಗಡಿಗಳನ್ನು ಕಟ್ಟಿದರು. ಅಲ್ಲಿ ಸಿಗುವ ಪುಸ್ತಕಗಳ ಬೆಲೆ ಒಮ್ಮೆ ನೋಡಿ, ನಿಮಗೇ ಅಂದಾಜು ಸಿಗುತ್ತದೆ.

ಒಪ್ಪಂದದ ಕಾಗದಕ್ಕೆ ಸಹಿ ಹಾಕುವ ಮೊದಲು ರಾಯಲ್ಟಿಯ ಸಾಲನ್ನು ಎರಡು ಸಲ ಓದಿ. ಇ-ಬುಕ್ಕಿನ ರಾಯಲ್ಟಿ ಮುಖಬೆಲೆಯ ಮೇಲೋ, ಕಮಿಷನ್ ಕಳೆದು ಬಂದ ದುಡ್ಡಿನ ಮೇಲೋ ಅಂತ ಕೇಳಿ, ಎಷ್ಟು ಅನ್ನೋದನ್ನು ಅಂಕಿಯಲ್ಲೇ ಬರೆಸಿಕೊಳ್ಳಿ. ‘ಎಲ್ಲ ರೂಪಗಳ ಹಕ್ಕು’ ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದರೆ, ಇ-ಬುಕ್ ಮತ್ತು ಆಡಿಯೊ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಡಿ ಅನ್ನಿ. ಕೇಳೋಕೆ ಸಂಕೋಚ ಆದರೆ ಈ ಅಂಕಣದ ಹಾಳೆಯನ್ನೇ ಅವರ ಮುಂದೆ ಇಡಿ.